ಶೀತಾರಾಮಯ್ಯನವರ ಡಬ್ಬಿ

ಬೀದಿಗೊಬ್ಬರಾದರೂ ಇರುತ್ತಾರೆ. ನಿಜವಾದ ಹೆಸರು ಏನೇ ಇರಲಿ, ಶೀತಾರಾಮಯ್ಯ ಎಂದು ಕರೆಯೋಣ. ಕನ್ನಡ ಮೇಷ್ಟರು ಆಕ್ಷೇಪಿಸಬಾರದು, ಮೂಗು ಕಟ್ಟಿದವರ ಬಾಯಲ್ಲಿ ಅಕ್ಷರಶುದ್ಧಿ ಹುಡುಕುವುದು ತರವಲ್ಲ. ಎದುರುಮನೆಯಲ್ಲಿ ಯಾರಾದರೂ ಸೀನಿದರೆ ಮೊದಲನೆಯ ಸೀನಿಗೆ ಇವರು ಪತ್ರಿಕೆ ಮಡಿಚುತ್ತಾರೆ, ಎರಡನೆಯದಕ್ಕೆ ಎದ್ದು ನಿಲ್ಲುತ್ತಾರೆ, ಮೂರನೆಯದು ಬರುವ ಹೊತ್ತಿಗೆ ಡಬ್ಬಿಯ ಸಮೇತ ಗೇಟಿನ ಬಳಿ ಇರುತ್ತಾರೆ. ಡಬ್ಬಿ ಒಂದು ಕಾಲದಲ್ಲಿ ಬಿಸ್ಕತ್ತಿನದು. ಈಗ ಅದರೊಳಗೆ ಮಾತ್ರೆಯ ಸ್ಟ್ರಿಪ್ಪುಗಳು, ಕತ್ತರಿಯಲ್ಲಿ ತುಂಡರಿಸಿದ ಸ್ಟ್ರಿಪ್ಪುಗಳ ಚೂರುಗಳು, ಅರ್ಧ ಉಳಿದ ಸಿರಪ್ಪು, ಮುಚ್ಚಳ ಅಂಟಿಕೊಂಡ ಮುಲಾಮು. ತುಂಡರಿಸುವಾಗ ಹೆಸರು ಒಂದು ಚೂರಿಗೆ ಹೋಗಿ, ಅವಧಿ ಮುಗಿಯುವ ತಾರೀಕು ಇನ್ನೊಂದಕ್ಕೆ ಹೋಗಿ, ಮಾತ್ರೆ ಮಾತ್ರ ಮೂರನೆಯದರಲ್ಲಿ ಉಳಿದಿರುತ್ತದೆ. ಅವರಿಗದು ತೊಡಕಲ್ಲ. 'ಆ ಹಳದಿ ಮಾತ್ರೆ ತಗೊಳ್ಳಿ, ರಾತ್ರಿ ಆ ಕೆಂಪುದು' ಎನ್ನುತ್ತಾರೆ. ಅವರ ಔಷಧಶಾಸ್ತ್ರವೆಲ್ಲ ಬಣ್ಣದ ಮೇಲೆ ನಿಂತಿದೆ.

ಡಿಗ್ರಿಯಿಲ್ಲದೆ ವೈದ್ಯ ಮಾಡುತ್ತಾರೆ ಎಂದು ಇವರನ್ನು ಬೈಯುವುದು ವಾಡಿಕೆ. ಅದು ಅನ್ಯಾಯ ಎಂಬುದು ನನ್ನ ವಾದ. ನೆಗಡಿಗೆ ಡಿಗ್ರಿಯೇನೂ ಬೇಕಾಗಿಲ್ಲ. ಇವರ ತಪ್ಪು ಬೇರೆಯದು: ಮಾತ್ರೆಯನ್ನು ಅದರ ಮುಂಬದಿಯಿಂದ ಬಲ್ಲರು, ಹಿಂಬದಿಯನ್ನು ಎಂದೂ ಓದಿದವರಲ್ಲ. ಮುಂಬದಿಯಲ್ಲಿರುವುದು ಕಂಪನಿ ಇಟ್ಟ ಹೆಸರು, ಹಿಂಬದಿಯ ಸಣ್ಣಕ್ಷರದಲ್ಲಿರುವುದು ಒಳಗಿನ ಸರಕು. ಹೆಸರಿನ ಬಾಲದಲ್ಲಿ ಎರಡು ಇಂಗ್ಲಿಷ್ ಅಕ್ಷರ ಬದಲಾದರೆ ಸರಕೇ ಬದಲಾಗುತ್ತದೆ. ಒಂದೇ ಹೆಸರಿನ ಕೆಮ್ಮಿನ ಸಿರಪ್ಪು 'ಡಿಎಕ್ಸ್' ಎಂದಿದ್ದರೆ ಸಾಮಾನ್ಯವಾಗಿ ಡೆಕ್ಸ್ಟ್ರೊಮೆಥಾರ್ಫಾನ್ ಇರುವಂಥದ್ದು, ಕೆಮ್ಮನ್ನೇ ಅಡಗಿಸುವಂಥದ್ದು. 'ಎಲ್‌ಎಸ್' ಎಂದಿದ್ದರೆ ಕಫ ತೆಳುವಾಗಿಸಿ ಹೊರಗೆ ಕಳಿಸುವಂಥದ್ದು, ಜೊತೆಗೆ ಶ್ವಾಸನಾಳ ಹಿಗ್ಗಿಸುವ ಮದ್ದು. ಎದೆ ತುಂಬ ಕಫ ಕಟ್ಟಿದವರಿಗೆ ಮೊದಲನೆಯದನ್ನು ಕುಡಿಸುವುದೆಂದರೆ ಕೆ. ರಾಮರಾಯರಿಗೆ ಬಂದ ಸಮನ್ಸನ್ನು ಎಚ್. ರಾಮರಾಯರ ಕೈಗೆ ಕೊಟ್ಟು ಬಂದಂತೆ. ಇನಿಷಿಯಲ್ಲಿನ ಮಹಿಮೆ ಇವರಿಗೆ ಗೊತ್ತಿಲ್ಲವೆಂದಲ್ಲ. ಮದುವೆ ಕರೆಯೋಲೆಯಲ್ಲಿ ತಮ್ಮ ಇನಿಷಿಯಲ್ಲು ತಪ್ಪಾದರೆ ಊಟಕ್ಕೇ ಹೋಗದವರು ಅವರು.

ಹಿಂಬದಿ ಓದದಿದ್ದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಬಹುದು. ನೆಗಡಿಯ ಬಹಳಷ್ಟು 'ಎಲ್ಲಾ ಸೇರಿದ' ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ, ಹಲವುಗಳಲ್ಲಿ 500 ಮಿಲಿಗ್ರಾಂ. ಶೀತಾರಾಮಯ್ಯನವರು ಅದನ್ನು ದಿನಕ್ಕೆ ಮೂರು ಸಲ ಎನ್ನುತ್ತಾರೆ: 1500. 'ಮೈ ಬಿಸಿ ಇದೆಯಲ್ಲ' ಎಂದು ಜ್ವರಕ್ಕೆ ಬೇರೆಯಾಗಿ 650ರದು ನಾಲ್ಕು ಸಲ: 2600. ಕೂಡಿದರೆ 4100 ಆಯಿತು. ಆರೋಗ್ಯವಂತ ವಯಸ್ಕರಿಗೆ ದಿನದ ಮೇಲ್ಮಿತಿ 4000 ಮಿಲಿಗ್ರಾಂ. ಯಕೃತ್ತು ಸೊರಗಿದವರಿಗೆ, ದಿನಾ ಕುಡಿಯುವವರಿಗೆ ಅದಕ್ಕೂ ಕಡಿಮೆ. ಕೀಲುನೋವಿಗೆಂದು ಅವರೇ ಹೋದ ವಾರ ಕೊಟ್ಟ ಮಾತ್ರೆಯಲ್ಲಿ ಇನ್ನೊಂದು 325 ಅಡಗಿ ಕೂತಿದ್ದರೆ ಅದು ಲೆಕ್ಕಕ್ಕೆ ಬಂದೇ ಇಲ್ಲ. ಹಾಲಿನ ಪುಸ್ತಕದಲ್ಲಿ ಅರ್ಧ ಲೀಟರು ಹೆಚ್ಚು ಬರೆದಿದ್ದರೆ ತಿಂಗಳ ಕೊನೆಗೆ ಹಿಡಿದುಬಿಡುವ ಮನುಷ್ಯ ಇಲ್ಲಿ ಮಾತ್ರ ಕೂಡಿಸುವುದಿಲ್ಲ, ಏಕೆಂದರೆ ಇವರ ಪಾಲಿಗೆ ಅವು ಮೂರು ಬೇರೆ ಬೇರೆ ಮಾತ್ರೆಗಳು, ಒಂದು ಹಳದಿ, ಒಂದು ಬಿಳಿ, ಒಂದು ಉದ್ದನೆಯದು.

ಮಾತ್ರೆಯಲ್ಲಿ ಉಳಿದದ್ದೇನಿರುತ್ತದೆ? ಕಟ್ಟಿದ ಮೂಗು ಬಿಡಿಸಲೆಂದು ಫಿನೈಲ್‌ಎಫ್ರಿನ್. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ ಸಾಕ್ಷ್ಯವನ್ನೆಲ್ಲ ತಿರುವಿಹಾಕಿ, ನುಂಗುವ ರೂಪದಲ್ಲಿ ಇದರಿಂದ ಮೂಗು ಬಿಡುವುದಿಲ್ಲ ಎಂದು ಒಮ್ಮತದಿಂದ ಹೇಳಿತು. ಮರುವರ್ಷ ಅದನ್ನು ಅಂಗಡಿಯ ಮಾತ್ರೆಗಳಿಂದ ಕೈಬಿಡುವ ಪ್ರಸ್ತಾವವೂ ಬಂತು. ನಮ್ಮ ಡಬ್ಬಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಮತ್ತೊಂದು ಸರಕು ಕ್ಲೋರ್‌ಫೆನಿರಮೈನ್. ಸೀನು ತಗ್ಗಿಸುತ್ತದೆ ನಿಜ, ಜೊತೆಗೆ ನಿದ್ದೆ ಬರಿಸುತ್ತದೆ, ಬಾಯಿ ಒಣಗಿಸುತ್ತದೆ. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿರುವ ಹಿರಿಯರಿಗೆ ಮೂತ್ರ ಕಟ್ಟಿಸಿ ಕೂರಿಸಬಲ್ಲದು. ನಿದ್ದೆ ಬಂತೆಂದರೆ 'ನೋಡಿದಿರಾ, ಔಷಧಿ ಹಿಡೀತು' ಎನ್ನುತ್ತಾರೆ ಶೀತಾರಾಮಯ್ಯ. ಸ್ಕೂಟರ್ ಏರಿ ಆಫೀಸಿಗೆ ಹೊರಟವನ ವಿಷಯದಲ್ಲಿ ಆ ಮಾತು ನಿಜವಾಗದಿರಲಿ.

ಅಲರ್ಜಿಯೂ ಇವರ ಪಾಲಿಗೆ ನೆಗಡಿಯೇ. ಜ್ವರವಿಲ್ಲದೆ, ಕಣ್ಣು ತುರಿಸುತ್ತ, ಮೂಗಿನಿಂದ ನೀರು ಸುರಿಯುತ್ತ ವಾರಗಟ್ಟಲೆ ಸೀನುವವನಿಗೆ ವೈರಸ್ಸಿಗಿಂತ ಖಾಲಿ ಸೈಟಿನ ಕಾಂಗ್ರೆಸ್ ಗಿಡದ ಮೇಲೋ ಹಾಸಿಗೆಯ ಧೂಳಿನ ಮೇಲೋ ದೂರು ಹೇಳಬೇಕು. ಅವನಿಗೆ ಮೂರು ಸರಕಿನ ಮಾತ್ರೆಯಲ್ಲಿ ಎರಡು ದಂಡ. ಲೊರಾಟಡಿನ್, ಫೆಕ್ಸೊಫೆನಡಿನ್‌ನಂಥ ನಿದ್ದೆ ಕಡಿಮೆ ತರಿಸುವ ಒಂಟಿ ಮದ್ದು ಸಾಕು. ಸೆಟಿರಿಜಿನ್ ಆದರೆ ಕೆಲವರಿಗೆ ತೂಕಡಿಕೆ ಬರುತ್ತದೆ, ರಾತ್ರಿ ತೆಗೆದುಕೊಳ್ಳುವುದು ಲೇಸು. ಫೆಕ್ಸೊಫೆನಡಿನ್ ನುಂಗಲು ನೀರೇ ಆಗಬೇಕು. ಉಪಚಾರಕ್ಕೆಂದು ಕಿತ್ತಳೆ ರಸ ಕೊಟ್ಟರೆ ಮದ್ದು ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಮೂಗು ತಕ್ಷಣ ಬಿಡಿಸುವ ಡ್ರಾಪ್ಸ್ ಇದೆಯಲ್ಲ, ಆಕ್ಸಿಮೆಟಾಜೊಲಿನ್ ಅಥವಾ ಜೈಲೊಮೆಟಾಜೊಲಿನ್, ಅದನ್ನು ಮೂರ್ನಾಲ್ಕು ದಿನಕ್ಕಿಂತ ಮುಂದುವರಿಸಿದರೆ ಡ್ರಾಪ್ಸ್ ನಿಲ್ಲಿಸಿದೊಡನೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಆಗ ಶೀತಾರಾಮಯ್ಯ ಇನ್ನೊಂದು ಬಾಟಲಿ ಕೊಡುತ್ತಾರೆ. ಕೈಸಾಲ ತೀರಿಸಲು ಬಡ್ಡಿಸಾಲ ಮಾಡಿಸಿದ ಹಾಗೆ.

ಇವರ ಪರವಾಗಿ ಹೇಳಬಹುದಾದ ಮಾತುಗಳಿವೆ, ಕೇಳಿಸಿಕೊಳ್ಳಬೇಕು. ಮೊದಲನೆಯದು: 'ಇಷ್ಟು ವರ್ಷ ಕೊಟ್ಟಿದ್ದಾರೆ, ಎಲ್ಲರಿಗೂ ವಾಸಿಯಾಗಿದೆ.' ಆಗಿದೆ, ಆಗದೆ ಏನು? ನೆಗಡಿ ತಾನಾಗಿಯೇ ಹೋಗುವ ಕಾಯಿಲೆ. ಕೆಮ್ಮು ಮಾತ್ರ ಹಿಂದೆ ಉಳಿಯುತ್ತದೆ. 2013ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಜನ ಕೆಮ್ಮು ಏಳರಿಂದ ಒಂಬತ್ತು ದಿನದಲ್ಲಿ ನಿಲ್ಲುತ್ತದೆಂದು ಭಾವಿಸಿದ್ದರು, ವಾಸ್ತವದ ಸರಾಸರಿ ಸುಮಾರು 18 ದಿನವಿತ್ತು. ಈ ನಡುವಿನ ಒಂಬತ್ತು ದಿನವೇ ಶೀತಾರಾಮಯ್ಯನವರ ಸಾಮ್ರಾಜ್ಯ. ಹತ್ತನೆಯ ದಿನ ಹಳದಿ, ಹದಿಮೂರಕ್ಕೆ ಕೆಂಪು, ಹದಿನಾರಕ್ಕೆ ಯಾರದೋ ಗಂಟಲುಬೇನೆಯಲ್ಲಿ ಉಳಿದ ಎರಡು ಆಂಟಿಬಯಾಟಿಕ್. ವೈರಸ್ಸಿನ ಕೂದಲೂ ಕೊಂಕಿಸದ ಆ ಮಾತ್ರೆಯ ಸ್ಟ್ರಿಪ್ಪಿನ ಮೇಲಿನ ಎಚ್ಚರಿಕೆಯ ಕೆಂಪುಗೆರೆಯನ್ನು ಅವರು ಅಲಂಕಾರವೆಂದು ತಿಳಿದಿದ್ದಾರೆ. ಹದಿನೆಂಟಕ್ಕೆ ಕೆಮ್ಮು ನಿಂತಾಗ ಕೀರ್ತಿಯೆಲ್ಲ ಕೊನೆಯ ಮಾತ್ರೆಗೆ. ರಾತ್ರಿಯಿಡೀ ತೇರೆಳೆದವರನ್ನು ಬಿಟ್ಟು ನಿಲುಗಡೆಯಲ್ಲಿ ಕೈ ಹಚ್ಚಿದವನಿಗೆ ಹಾರ ಹಾಕಿದಂತೆ. ಅಂದಹಾಗೆ ಮೂರು ವಾರ ದಾಟಿದ ಕೆಮ್ಮು, ರಕ್ತ ಬೆರೆತ ಕಫ, ಉಸಿರಾಡಲು ಕಷ್ಟ, ಇಳಿಯದ ಜ್ವರ, ಇವು ಯಾವ ಡಬ್ಬಿಯ ವ್ಯಾಪ್ತಿಗೂ ಬರುವುದಿಲ್ಲ.

ಎರಡನೆಯದು: 'ಡಾಕ್ಟರೂ ಅಂಥದ್ದೇ ಮಿಶ್ರಣ ಬರೆಯುವುದಿಲ್ಲವೇ?' ಬರೆಯುತ್ತಾರೆ, ಆದರೆ ಅದು ಮಿಶ್ರಣಕ್ಕೆ ಸಿಕ್ಕ ಪ್ರಮಾಣಪತ್ರವಲ್ಲ. 2016ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಇಂಥ 344 ಮಿಶ್ರಣಗಳನ್ನು ನಿಷೇಧಿಸಿತು. ಕೋರ್ಟು ಕಚೇರಿ ಸುತ್ತಿ 2018ರಲ್ಲಿ ಮತ್ತೆ 328ರ ಪಟ್ಟಿ ಬಂತು. ಕೆಮ್ಮು ನೆಗಡಿಯ ಮಿಶ್ರಣಗಳು ಅದರಲ್ಲಿ ಧಾರಾಳವಾಗಿದ್ದವು. ಇನ್ನು ನಮ್ಮ 1940ರ ಔಷಧ ಕಾಯ್ದೆಯಲ್ಲಿ 'ಚೀಟಿಯಿಲ್ಲದೆ ಕೊಳ್ಳಬಹುದಾದ ಔಷಧಿ' ಎಂಬ ಪ್ರತ್ಯೇಕ ವರ್ಗವೇ ಇಲ್ಲ. ಹಾಗಾಗಿ ಮೆಡಿಕಲ್ ಸ್ಟೋರಿನಲ್ಲಿ ಕೇಳಿದ್ದಕ್ಕೆಲ್ಲ ಮಾತ್ರೆ ಸಿಕ್ಕಿತೆಂದ ಮಾತ್ರಕ್ಕೆ ಅದು ನಿರಪಾಯವೆಂದು ಯಾರೂ ಬರೆದುಕೊಟ್ಟಿಲ್ಲ.

ಮೂರನೆಯ ಆಕ್ಷೇಪ ನನ್ನ ವಾದಕ್ಕೇ ಕುತ್ತು ತರುವಂಥದ್ದು: ಹಿಂಬದಿ ಓದಿದರೆ ಸಾಕೇ? 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಬಲಿ ತೆಗೆದುಕೊಂಡ ಸಿರಪ್ಪಿನಲ್ಲಿದ್ದ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವನ್ನು ಯಾರೂ ಲೇಬಲ್ಲಿನ ಮೇಲೆ ಅಚ್ಚು ಹಾಕಿರಲಿಲ್ಲ. ಇಲ್ಲಿ ನಗುವುದಕ್ಕೇನೂ ಇಲ್ಲ. ಅದನ್ನು ಹಿಡಿಯಬೇಕಾದ್ದು ಪ್ರಯೋಗಾಲಯ, ಕನ್ನಡಕವಲ್ಲ. ಆದರೆ ಆ ಸಿರಪ್ಪು ಪುಟ್ಟ ಮಗುವಿಗೆ ಬೇಕಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧಿ ಕೊಡಲೇಬಾರದು, ಐದರೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು ಸೂಚಿಸಿತು. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಜೋಡಿ ನಾಲ್ಕರೊಳಗಿನವರಿಗೆ ಬೇಡವೆಂದು ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದರು. 'ಚಿಕ್ಕದಲ್ವಾ, ಅರ್ಧ ಮಾತ್ರೆ ಕೊಡಿ' ಎನ್ನುವುದು ಶೀತಾರಾಮಯ್ಯನವರ ಮಕ್ಕಳ ವೈದ್ಯಶಾಸ್ತ್ರ. ಮಗು ಎಂದರೆ ಅರ್ಧ ಟಿಕೆಟ್ಟಿನ ಪ್ರಯಾಣಿಕ ಎಂದು ಅವರ ಎಣಿಕೆ.

ಇಷ್ಟೆಲ್ಲ ಹೇಳಿದ ಮೇಲೂ ಜನ ಇವರ ಬಾಗಿಲಿಗೆ ಏಕೆ ಹೋಗುತ್ತಾರೆ? ಭಾನುವಾರ ಕ್ಲಿನಿಕ್ಕು ಮುಚ್ಚಿರುತ್ತದೆ, ಫೀಸು ಹೆಚ್ಚು ಎಂಬುದೆಲ್ಲ ಸರಿ. ನಿಜವಾದ ಕಾರಣವೆಂದರೆ ಇವರು ಕೂರಿಸಿ ಕೇಳುತ್ತಾರೆ. 'ಒಣ ಕೆಮ್ಮೋ, ಕಫ ಬರುತ್ತೋ? ರಾತ್ರಿ ಹೆಚ್ಚೋ, ಬೆಳಿಗ್ಗೆಯೋ? ಬಿ.ಪಿ. ಇದೆಯೇನ್ರೀ?' ಪ್ರಶ್ನೆಗಳೆಲ್ಲ ಚಿನ್ನದಂಥವು. ಉತ್ತರ ಏನೇ ಬಂದರೂ ಹಳದಿ ಮಾತ್ರೆಯನ್ನೇ ಕೊಡುತ್ತಾರೆಂಬುದಷ್ಟೇ ಕೊರತೆ. ಒಂದು ತೊಂದರೆಗೆ ಒಂದೇ ಮದ್ದು, ಅದರ ಹೆಸರು ಹಿಂಬದಿಯಲ್ಲಿ ಓದಿ, ಬೇರೆ ಮಾತ್ರೆಯಲ್ಲೂ ಅದೇ ಇದೆಯೇ ನೋಡಿ ಎಂಬಷ್ಟು ಕಲಿತರೆ ಬೀದಿಗೆ ಇವರಷ್ಟು ಉಪಕಾರಿ ಇನ್ನೊಬ್ಬರಿಲ್ಲ.

ವಿಚಿತ್ರವೆಂದರೆ ಮನೆಯಲ್ಲೇ ಇವರಿಗೊಬ್ಬರು ಪ್ರತಿಸ್ಪರ್ಧಿ ಇದ್ದಾರೆ. ಹೆಂಡತಿ ಮಾಡುವ ಶುಂಠಿ ಮೆಣಸಿನ ಕಷಾಯವನ್ನು ಅವರು 'ಅಜ್ಜಿ ಮದ್ದು' ಎಂದು ತಳ್ಳಿಹಾಕುತ್ತಾರೆ. ಆದರೆ ಲೋಟದ ತಳದಲ್ಲಿರುವ ಆ ಒಂದು ಚಮಚ ಜೇನುತುಪ್ಪ ಮಕ್ಕಳ ರಾತ್ರಿ ಕೆಮ್ಮನ್ನು ತಗ್ಗಿಸುತ್ತದೆ ಎಂಬುದಕ್ಕೆ ಪರೀಕ್ಷೆಗಳ ಆಧಾರವಿದೆ, ಡಬ್ಬಿಯ ಬಹಳಷ್ಟು ಸಿರಪ್ಪುಗಳಿಗಿಲ್ಲದ ಆಧಾರ. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಬೇಡ, ಬಾಟುಲಿಸಂ ಎಂಬ ಅಪಾಯವಿದೆ. ಶೀತಾರಾಮಯ್ಯನವರಿಗೇ ನೆಗಡಿಯಾದಾಗ ಹೆಂಡತಿ ತಂದ ಕಷಾಯವನ್ನು ಮುಖ ಸಿಂಡರಿಸಿಕೊಂಡು ಕುಡಿಯುತ್ತಾರೆ, ಅದರ ಬಿಸಿಯಲ್ಲೇ ಹಳದಿ ಮಾತ್ರೆಯನ್ನೂ ನುಂಗುತ್ತಾರೆ. ವಾಸಿಯಾದ ಮೇಲೆ ಲೋಟ ಬಚ್ಚಲಿಗೆ ಹೋಗುತ್ತದೆ. ಖಾಲಿ ಸ್ಟ್ರಿಪ್ಪು ಜೋಪಾನವಾಗಿ ಡಬ್ಬಿಗೆ ವಾಪಸಾಗುತ್ತದೆ, ಮುಂದಿನ ಸಲ ಮೆಡಿಕಲ್ ಸ್ಟೋರಿನಲ್ಲಿ ತೋರಿಸಿ ಅದನ್ನೇ ತರಬೇಕಲ್ಲ.