ಸ್ಪಾಕ್ ಯಾರ ಕಡೆಯವರು?

‘ಸ್ಟಾರ್ ಟ್ರೆಕ್’ನ ಸ್ಪಾಕ್ ಪಾತ್ರಧಾರಿ ಲೆನರ್ಡ್ ನಿಮಾಯ್ ತೀರಿಕೊಂಡ ಸುದ್ದಿ 2015ರ ಫೆಬ್ರುವರಿ 28ರ ಬೆಳಿಗ್ಗೆ ಕೊಯಮತ್ತೂರಿನ ನಮ್ಮ ಬೀದಿಗೆ ಬಂದದ್ದು ಪೇಪರಿನಿಂದಲ್ಲ, ಕ್ಯಾಪ್ಟನ್ನಿಂದ. ಎದ್ದವನೇ ತಲೆಗೆ ಸ್ನಾನ ಮಾಡಿ, ಇಡ್ಲಿ ಬೇಡವೆಂದು ಜಗಲಿಯ ಮೇಲೆ ಕೂತಿದ್ದ. ಒಳಗಿನಿಂದ ತಾಯಿ ಬಂದರು.

“ಏನು ಕಣ್ಣು, ಮೈ ಸರಿಯಿಲ್ವಾ?”

“ಸ್ಪಾಕ್ ಹೋಗಿಬಿಟ್ಟರಮ್ಮ.”

“ಅಯ್ಯೋ ಪಾಪ. ಯಾರ ಕಡೆಯವರು? ಸಿರುಮುಗೈ ಕಡೆಯೋ, ನೆಗಮಂ ಕಡೆಯೋ?”

“ವಲ್ಕನ್.”

ತಾಯಿಗೆ ಆ ಊರು ಗೊತ್ತಾಗಲಿಲ್ಲ. ಆದರೆ ನಮ್ಮ ನೇಕಾರ ದೇವಾಂಗರು ಎಲ್ಲೆಲ್ಲಿಗೋ ಹೋಗಿ ಮಗ್ಗ ಹೂಡಿಕೊಂಡಿದ್ದಾರೆ, ಅಲ್ಲೂ ಇರಬಹುದು ಎಂದುಕೊಂಡು ವಯಸ್ಸು ಕೇಳಿದರು. ಎಂಬತ್ತಮೂರು ಎಂದ. ಮಕ್ಕಳೆಷ್ಟು ಎಂದರು. ಒಂದು ಗಂಡು, ಒಂದು ಹೆಣ್ಣು ಎಂದ, ಒಂದು ಕ್ಷಣವೂ ತಡೆಯದೆ. “ಸರಿ ಬಿಡು, ಬಾಳಿ ಬದುಕಿದ ಜೀವ” ಎಂದು ಅವರು ಇಡ್ಲಿ ತಟ್ಟೆಯನ್ನು ಅಲ್ಲಿಗೇ ತಂದಿಟ್ಟರು.

ಇವನಂಥವನನ್ನು ನೀವೂ ನೋಡಿರುತ್ತೀರಿ. ಬೆಂಗಳೂರಿನಲ್ಲಾದರೆ ಸಾಫ್ಟ್‌ವೇರ್ ಕಂಪನಿಯಲ್ಲಿರುತ್ತಾನೆ, ಮೈಸೂರಿನಲ್ಲಾದರೆ ಬ್ಯಾಂಕಿನಲ್ಲಿ. ನಮ್ಮ ಕಡೆ ಅವನು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಮರ್ಚೆಂಡೈಸರ್. ಕೊಯಮತ್ತೂರಿನಿಂದ ಬೆಳಿಗ್ಗೆ ರೈಲು ಹಿಡಿದು ಹೋಗುತ್ತಾನೆ. ಬಯರ್ ಬರೆದ ಇಂಗ್ಲಿಷನ್ನು ಕಟಿಂಗ್ ಮಾಸ್ಟರಿಗೆ ತಮಿಳಿನಲ್ಲಿ ಹೇಳುವುದು, ಕಟಿಂಗ್ ಮಾಸ್ಟರ್ ಬೈದದ್ದಕ್ಕೆ ‘ಕೈಂಡ್ಲಿ’ ಸೇರಿಸಿ ಬಯರಿಗೆ ಬರೆಯುವುದು, ಇದು ಉದ್ಯೋಗ. ಬೇರೆ ಗ್ರಹದವರು ಬಂದಿಳಿದರೆ ಮೊದಲು ಮಾತಾಡಲು ತಿರುಪ್ಪೂರಿನ ಮರ್ಚೆಂಡೈಸರನ್ನೇ ಕಳಿಸಬೇಕು ಎಂದು ಅವನ ಅಂಬೋಣ. ನನಗೂ ಅದರಲ್ಲಿ ತಪ್ಪು ಕಾಣುವುದಿಲ್ಲ.

ಕ್ಯಾಪ್ಟನ್ ಎಂಬ ಹೆಸರನ್ನು ಅವನೇ ಇಟ್ಟುಕೊಂಡದ್ದು, ಎಂಟರ್‌ಪ್ರೈಸ್ ನೌಕೆಯ ಕ್ಯಾಪ್ಟನ್ ಕರ್ಕ್‌ನ ನೆನಪಿಗೆ. ಆದರೆ ತಮಿಳುನಾಡಿನಲ್ಲಿ ಕ್ಯಾಪ್ಟನ್ ಅಂದರೆ ನಟ ವಿಜಯಕಾಂತ್ ಒಬ್ಬರೇ. 1991ರಲ್ಲಿ ‘ಕ್ಯಾಪ್ಟನ್ ಪ್ರಭಾಕರನ್’ ಬಂದಾಗಿನಿಂದ ಆ ಪದವಿ ಬೇರೆ ಯಾರಿಗೂ ಸಿಕ್ಕಿಲ್ಲ. 2005ರಲ್ಲಿ ಅವರು ಡಿಎಂಡಿಕೆ ಪಕ್ಷ ಕಟ್ಟಿದ ಮೇಲಂತೂ ನಮ್ಮವನನ್ನು ಚುನಾವಣೆ ಬಂದಾಗಲೆಲ್ಲ ಬೂತ್ ಏಜೆಂಟ್ ಆಗುತ್ತೀರಾ ಎಂದು ಕೇಳಿಕೊಂಡು ಬರುವವರಿದ್ದರು. ತನ್ನ ಕ್ಯಾಪ್ಟನ್ ಬೇರೆ, ಅವರು ಇನ್ನೂ ಹುಟ್ಟಿಲ್ಲ, ಇಪ್ಪತ್ತಮೂರನೆಯ ಶತಮಾನದವರು ಎಂದು ಇವನು ವಿವರಿಸುವನು. ಬಂದವರು ಮೈತ್ರಿ ಇನ್ನೂ ಕುದುರಿಲ್ಲ ಎಂದು ತಿಳಿದುಕೊಂಡು ಹೋಗುವರು.

ರೋಗ ಹತ್ತಿದ್ದು ಎಂಬತ್ತರ ದಶಕದಲ್ಲಿ. ಆಗ ದೂರದರ್ಶನ ಭಾನುವಾರ ಬೆಳಿಗ್ಗೆ ‘ಸ್ಟಾರ್ ಟ್ರೆಕ್’ ಹಾಕುತ್ತಿತ್ತು. ಅಮೆರಿಕದಲ್ಲಿ 1966ರಿಂದ 1969ರವರೆಗೆ 79 ಕಂತು ಓಡಿ ನಿಂತುಹೋಗಿದ್ದ ಧಾರಾವಾಹಿ ಅದು. ನಮ್ಮ ಬೀದಿಗೆ ಬರುವ ಹೊತ್ತಿಗೆ ಅದರ ಹೀರೋಗಳಿಗೆ ಐವತ್ತು ದಾಟಿತ್ತು. ಟೀವಿ ಇದ್ದ ಮನೆಗೆ ಹಿರಿಯರು ಮಗ್ಗ ನಿಲ್ಲಿಸಿ ಬಂದು ಕೂರುವರು. ಆ ಇಂಗ್ಲಿಷು ಒಬ್ಬರಿಗೂ ತಿಳಿಯದು. ಎಂಜಿನಿಯರ್ ಸ್ಕಾಟಿ ‘ವಾರ್ಪ್’ ಕೈಕೊಟ್ಟಿತೆಂದು ಕೂಗಿಕೊಂಡಾಗ ಮಾತ್ರ ಎಲ್ಲರೂ ಒಟ್ಟಿಗೆ ತಲೆಯಾಡಿಸುವರು. ಮಗ್ಗದವರಿಗೆ ವಾರ್ಪ್ ಅಂದರೆ ಹಾಸು, ಅದೇ ಹೋದ ಮೇಲೆ ಇನ್ನೇನು ನೆಯ್ಯೋದು? ಮಿಕ್ಕದ್ದನ್ನು ಇಂಗ್ಲಿಷ್ ಓದುವ ಹುಡುಗನೇ ಹೇಳಬೇಕು. ಚೂಪು ಕಿವಿಯವನು ಯಾರು, ಯಾಕೆ ನಗುವುದಿಲ್ಲ, ಮದುವೆಯಾಗಿದೆಯೋ ಇಲ್ಲವೋ. ಹುಡುಗನಿಗೂ ತಿಳಿಯುತ್ತಿರಲಿಲ್ಲ, ಆದರೆ ತಿಳಿಯದು ಎನ್ನಲು ಮನಸ್ಸು ಬರಲಿಲ್ಲ. ಅವನ ವರದಿಗಾರಿಕೆ ಹುಟ್ಟಿದ್ದು ಹಾಗೆ. 1987ರಲ್ಲಿ ‘ರಾಮಾಯಣ’ ಬಂದು ಭಾನುವಾರದ ಬೆಳಗನ್ನು ಹಿಡಿದುಕೊಂಡಾಗ ಹಿರಿಯರೆಲ್ಲ ನಿಟ್ಟುಸಿರುಬಿಟ್ಟರು. ಅದರಲ್ಲೂ ವಿಮಾನವಿತ್ತು, ಮೇಲಾಗಿ ಯಾರಿಗೆ ಯಾರು ಏನಾಗಬೇಕೆಂದು ಮೊದಲೇ ಗೊತ್ತಿತ್ತು.

ಕರ್ಕ್‌ನ ಹೆಸರಿಟ್ಟುಕೊಂಡರೂ ಅವನ ಮನಸ್ಸೆಲ್ಲ ಸ್ಪಾಕ್ ಮೇಲೆ. ಸ್ಪಾಕ್‌ನ ತಂದೆ ವಲ್ಕನ್ ಗ್ರಹದವರು, ತಾಯಿ ಭೂಮಿಯವರು. ಅಲ್ಲಿ ಹೋದರೆ ಮನುಷ್ಯ ಎನ್ನುತ್ತಾರೆ, ಇಲ್ಲಿ ಬಂದರೆ ವಲ್ಕನ್ ಎನ್ನುತ್ತಾರೆ. ಕ್ಯಾಪ್ಟನ್ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕೊಯಮತ್ತೂರಿನಲ್ಲಿ “ನೀಂಗ ಕನ್ನಡಕ್ಕಾರಂಗಳಾ?” ಎಂದು ಕೇಳುತ್ತಾರೆ. ಬೆಂಗಳೂರಿನ ನೆಂಟರ ಮದುವೆಗೆ ಹೋಗಿ “ಕೈ ಎಲ್ಲಿ ತೊಳೆಯೋದುಂಗ?” ಎಂದರೆ ಪಕ್ಕದ ಎಲೆಯವರು “ತಮಿಳಾ ಸಾರ್?” ಎನ್ನುತ್ತಾರೆ. ಹೀಗಾದಾಗಲೆಲ್ಲ ಅವನು ಒಂದು ಹುಬ್ಬು ಮಾತ್ರ ಮೇಲಕ್ಕೆತ್ತುತ್ತಾನೆ. ಅದನ್ನು ಕಲಿಯಲು ಕನ್ನಡಿಯ ಮುಂದೆ ಬಹಳ ಕಾಲ ನಿಂತಿದ್ದಾನಂತೆ. ಶಾಲೆಯಲ್ಲಿ ಓದಿದ್ದು ತಮಿಳು ಮತ್ತು ಇಂಗ್ಲಿಷು, ಕನ್ನಡ ಲಿಪಿ ಬಾರದು. ಆದರೆ ಮಾರ್ಕ್ ಓಕ್ರಾಂಡ್ ಎಂಬ ಭಾಷಾಶಾಸ್ತ್ರಜ್ಞ 1985ರಲ್ಲಿ ತಂದ, ಸ್ಟಾರ್ ಟ್ರೆಕ್ ಲೋಕದ ಕ್ಲಿಂಗನ್ನರ ಭಾಷೆಯ ನಿಘಂಟು ಕಪಾಟಿನಲ್ಲಿದೆ. ಕ್ಲಿಂಗನ್ನರಲ್ಲಿ ನಮಸ್ಕಾರ, ಕ್ಷೇಮಸಮಾಚಾರ ಒಂದೂ ಇಲ್ಲ. ಎದುರಿಗೆ ಬಂದವನನ್ನು ‘ಏನು ಬೇಕು?’ ಎಂದು ಗದರಿಯೇ ಮಾತಿಗೆ ಶುರು. ಟಿಕೆಟ್ ಇಲ್ಲದವನನ್ನು ಕೂಡ ಕಂಡಕ್ಟರ್ “ಇರಂಗುಂಗ” ಎಂದು ಬಹುವಚನದಲ್ಲಿ ಇಳಿಸುವ ಕೊಂಗು ಸೀಮೆಗೆ ಇದು ಒಗ್ಗುವ ಮಾತಲ್ಲ. ಕ್ಯಾಪ್ಟನ್ ಒಮ್ಮೆ ಸೋದರಮಾವನ ಮೇಲೆ ಪ್ರಯೋಗಿಸಿದ. ಅವರು ಮುಂದಿನ ಎರಡು ಹಬ್ಬಕ್ಕೆ ಬರಲಿಲ್ಲ.

ಇಂಥವರ ಹತ್ತಿರ ವಿಜ್ಞಾನ ಸಿಗುತ್ತದೆ ಎಂದು ಹೋಗಬಾರದು. ಬೆಳಕಿಗಿಂತ ವೇಗವಾಗಿ ಹೋಗುವುದು ಹೇಗೆ ಎಂದು ಕೇಳಿದರೆ ಬೇಕರಿ ಹುಡುಗನಿಗೆ ಇನ್ನೊಂದು ಟೀ ಹೇಳಿ ಮಾತು ತಿರುಗಿಸುತ್ತಾನೆ. ಅವನ ಸಂಗ್ರಹವೆಲ್ಲ ಪಾತ್ರಧಾರಿಗಳ ಮನೆವಾರ್ತೆ. ಸ್ಕಾಟಿಯ ಪಾತ್ರದ ಜೇಮ್ಸ್ ಡೂಹನ್‌ಗೆ ಬಲಗೈಯ ನಡುಬೆರಳಿಲ್ಲ, 1944ರಲ್ಲಿ ನಾರ್ಮಂಡಿಯಲ್ಲಿ ಗುಂಡು ತಾಗಿ ಹೋಯಿತು. ಉಹುರಾ ಆಗಿದ್ದ ನಿಶೆಲ್ ನಿಕೋಲ್ಸ್ ಧಾರಾವಾಹಿ ಬಿಟ್ಟು ಹೊರಟಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಅವರೇ, ಹೋಗಬೇಡಮ್ಮ, ನೀನಿರಬೇಕು ಎಂದು ತಡೆದರು. ನಿಮಾಯ್ 1975ರಲ್ಲಿ ‘ನಾನು ಸ್ಪಾಕ್ ಅಲ್ಲ’ ಎಂದು ಒಂದು ಪುಸ್ತಕ ಬರೆದರು, 1995ರಲ್ಲಿ ‘ನಾನು ಸ್ಪಾಕ್’ ಎಂದು ಇನ್ನೊಂದು. “ಮನೆ ಬಿಟ್ಟು ಹೋದ ಮಗ ಇಪ್ಪತ್ತು ವರ್ಷಕ್ಕೆ ತಿರುಗಿ ಬಂದ ನೋಡಿ” ಎನ್ನುವಾಗ ಕ್ಯಾಪ್ಟನ್‌ನ ಗಂಟಲು ನಿಜವಾಗಿಯೂ ಕಟ್ಟುತ್ತದೆ.

ಎಲ್ಲಕ್ಕಿಂತ ಅವನನ್ನು ಕಾಡಿದ್ದು ಖಾನ್ ನೂನಿಯನ್ ಸಿಂಗ್. 1967ರ ಕಂತಿನಲ್ಲಿ ಬಂದ ಈ ಖಳನಾಯಕ ಉತ್ತರ ಭಾರತದವನಂತೆ, ಸಿಖ್ ಇರಬೇಕಂತೆ; ಹೆಸರಲ್ಲಿ ಖಾನ್, ಪೇಟವಿಲ್ಲ, ಪಾತ್ರ ಮಾಡಿದವರು ಮೆಕ್ಸಿಕೋದಲ್ಲಿ ಹುಟ್ಟಿದ ರಿಕಾರ್ಡೊ ಮೊಂಟಲ್ಬಾನ್. 2013ರ ಸಿನಿಮಾದಲ್ಲಿ ಅದೇ ಖಾನ್ ಬೆಳ್ಳಗೆ ಇಂಗ್ಲೆಂಡಿನವರಾಗಿ, ಬೆನೆಡಿಕ್ಟ್ ಕಂಬರ್‌ಬ್ಯಾಚ್ ಆಗಿ ಬಂದರು. ಜನಗಣತಿಯವರು ಬಂದರೆ ಇವನನ್ನು ಯಾವ ಕಾಲಂನಲ್ಲಿ ಬರೆಯುತ್ತಾರೆ ಎಂಬುದು ಕ್ಯಾಪ್ಟನ್‌ನ ಖಾಯಂ ಪ್ರಶ್ನೆ. ಗಣತಿಯವರು ಒಮ್ಮೆ ಅವನ ಮನೆಯಲ್ಲೇ ಮಾತೃಭಾಷೆಯ ಕಾಲಂ ಮುಂದೆ ಪೆನ್ನು ಹಿಡಿದು ಕೂತಿದ್ದನ್ನು ಕಂಡವರಿಗೆ ಈ ಚಿಂತೆಯ ಮೂಲ ಅರ್ಥವಾಗುತ್ತದೆ.

ಇಂಥ ಧಾರಾವಾಹಿಗಳಲ್ಲಿ ನಮ್ಮ ಕಡೆಯವರು ಯಾರಾದರೂ ಬಂದರೆ ಮಾತ್ರ ಬೀದಿಗೆಲ್ಲ ಹಬ್ಬ. 2022ರಲ್ಲಿ ‘ಆಂಡರ್’ನಲ್ಲಿ, 2025ರಲ್ಲಿ ‘ಡಾಕ್ಟರ್ ಹೂ’ನಲ್ಲಿ ನಟಿ ವರದಾ ಸೇತು ಕಾಣಿಸಿಕೊಂಡಾಗ ಕ್ಯಾಪ್ಟನ್ ಬೇಕರಿಯಲ್ಲಿ ಎಲ್ಲರಿಗೂ ತೆಂಗಿನಕಾಯಿ ಬನ್ ಕೊಡಿಸಿದ. ಆಕೆ ಹುಟ್ಟಿದ್ದು ಕೇರಳದಲ್ಲಿ, ಬೆಳೆದದ್ದು ಇಂಗ್ಲೆಂಡಿನಲ್ಲಿ. ಕ್ಯಾಪ್ಟನ್‌ನ ಲೆಕ್ಕದಲ್ಲಿ ಕೇರಳ ಅಂದರೆ ವಾಳಯಾರ್ ಚೆಕ್‌ಪೋಸ್ಟ್, ಚೆಕ್‌ಪೋಸ್ಟ್ ಅಂದರೆ ಬೈಕಿನಲ್ಲಿ ಹೋಗಿಬರುವ ದೂರ, ಆದ್ದರಿಂದ ಆಕೆ ಪಕ್ಕದ ಮನೆ ಹುಡುಗಿ.

ತಿರುಪ್ಪೂರಿನ ಖಾದರ್‌ಪೇಟೆಗೆ ಅವನ ತೀರ್ಥಯಾತ್ರೆ ಬೇರೆ ಇದೆ. ವಿದೇಶಕ್ಕೆಂದು ಹೊಲಿದು, ಬಣ್ಣ ಒಂದಿಷ್ಟು ಹೆಚ್ಚುಕಡಿಮೆಯಾಗಿಯೋ ಆರ್ಡರ್ ರದ್ದಾಗಿಯೋ ಉಳಿದ ಟೀ ಶರ್ಟುಗಳು ಅಲ್ಲಿ ಸರ್‌ಪ್ಲಸ್ ಅಂಗಡಿಗಳಲ್ಲಿ ಗುಡ್ಡೆ ಬಿದ್ದಿರುತ್ತವೆ. ಆ ಗುಡ್ಡೆಯಲ್ಲಿ ಮೊಣಕೈವರೆಗೆ ಕೈಬಿಟ್ಟು ಎಂಟರ್‌ಪ್ರೈಸ್ ಲಾಂಛನ ಹುಡುಕುತ್ತಾನೆ. ಹಳದಿ ಸಿಕ್ಕರೆ ಕೊಳ್ಳುತ್ತಾನೆ, ಅದು ಕ್ಯಾಪ್ಟನ್ ಬಣ್ಣ. ನೀಲಿಯೂ ಆಗಬಹುದು, ಸ್ಪಾಕ್ ತೊಡುವುದು ಅದನ್ನೇ. ಕೆಂಪನ್ನು ಮಾತ್ರ ಮುಟ್ಟುವುದಿಲ್ಲ. ಹಳೆಯ ಕಂತುಗಳಲ್ಲಿ ಹೊಸ ಗ್ರಹಕ್ಕಿಳಿದ ತಂಡದಲ್ಲಿ ಮೊದಲು ಸಾಯುವವನು ಕೆಂಪಂಗಿಯವನೇ ಎಂಬುದು ಅಭಿಮಾನಿ ಲೋಕಕ್ಕೆಲ್ಲ ಗೊತ್ತಿರುವ ಸಂಗತಿ. ತಿರುಪ್ಪೂರು ಮಾತ್ರ ಯೂನಿಯನ್ನುಗಳ ಊರು. ಒಂದು ಮೇ ದಿನ ಕಂಪನಿಯ ಚೆಕ್ಕಿಂಗ್ ಸೆಕ್ಷನ್ನಿನ ಕಾಮ್ರೇಡ್ ಕೆಂಪಂಗಿ ತೊಟ್ಟು ಮೆರವಣಿಗೆಗೆ ಹೊರಟಾಗ ಕ್ಯಾಪ್ಟನ್ ತಡೆದು, ಕಳಕಳಿಯಿಂದ, “ಅಣ್ಣಾ, ಬೇರೆ ಬಣ್ಣ ಹಾಕ್ಕೊಂಡು ಹೋಗಿ, ಇದು ತೊಟ್ಟವರು ಉಳಿದಿಲ್ಲ” ಎಂದ. ಕಾಮ್ರೇಡ್ ಅವನನ್ನು ದಿಟ್ಟಿಸಿ ನೋಡಿ, “ಮ್ಯಾನೇಜ್‌ಮೆಂಟ್ ಹೇಳಿ ಕಳಿಸಿತಾ?” ಎಂದರು.

2021ರ ಅಕ್ಟೋಬರ್ 13ರಂದು ಕರ್ಕ್ ಪಾತ್ರದ ವಿಲಿಯಂ ಶಾಟ್ನರ್ ತಮ್ಮ 90ನೆಯ ವಯಸ್ಸಿನಲ್ಲಿ ಬ್ಲೂ ಒರಿಜಿನ್ ರಾಕೆಟ್ಟಿನಲ್ಲಿ ನಿಜವಾಗಿಯೂ ಬಾಹ್ಯಾಕಾಶಕ್ಕೆ ಹೋದರು. ಸುದ್ದಿ ಮೊದಲೇ ಗೊತ್ತಿದ್ದ ಕ್ಯಾಪ್ಟನ್, ಫ್ಲೆಕ್ಸ್ ಹಾಕದೆ ಬಿಟ್ಟರೆ ತಮಿಳುನಾಡಿನಲ್ಲಿ ಹುಟ್ಟಿ ಏನು ಪ್ರಯೋಜನ ಎಂದು ಗಾಂಧಿಪುರದ ಪ್ರಿಂಟಿಂಗ್ ಅಂಗಡಿಗೆ ಹೋದ. ನಾನು ಜೊತೆಗಿದ್ದೆ. ಕಂಪ್ಯೂಟರ್ ಮುಂದಿನ ಹುಡುಗ ಫೋಟೊ ನೋಡಿದ, ನರೆತ ತಲೆ ನೋಡಿದ, ಒಂದು ಮಾತೂ ಕೇಳದೆ ‘ಕಣ್ಣೀರ್ ಅಂಜಲಿ’ ಡಿಸೈನ್ ತೆರೆದ. ಎರಡು ಕಡೆ ಮೇಣದಬತ್ತಿ, ನಡುವೆ ಗುಲಾಬಿ, ಮೇಲೊಂದು ಒದ್ದೆ ಕಣ್ಣು.

“ತಂಬಿ, ಬದುಕಿದ್ದಾರೆ! ಮೇಲೆ ಹೋಗ್ತಾ ಇದ್ದಾರೆ, ಅಷ್ಟೇ.”

“ಮೇಲೆ ಹೋಗೋರಿಗೇ ಅಣ್ಣಾ ಈ ಡಿಸೈನು.”

“ಹತ್ತು ನಿಮಿಷದಲ್ಲಿ ಇಳಿದು ಬರ್ತಾರಪ್ಪ!”

ಹುಡುಗ ಕೈ ಕೀಬೋರ್ಡಿನಿಂದ ತೆಗೆದು ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. “ಹಾಗಾದರೆ ಹುಟ್ಟುಹಬ್ಬದ್ದು ಹಾಕ್ತೀನಿ. ಯಾವ ಪಾರ್ಟಿ? ಮಾವಟ್ಟಂ ಫೋಟೊ ಕೊಡಿ” ಎಂದ. ಮಾವಟ್ಟಂ ಅಂದರೆ ಇಲ್ಲಿ ಜಿಲ್ಲಾ ಕಾರ್ಯದರ್ಶಿ. ಅವರ ಮುಖವಿಲ್ಲದ ಫ್ಲೆಕ್ಸನ್ನು ಹುಡುಗ ಈವರೆಗೆ ಕಂಡಿರಲಿಲ್ಲ. ಕೊನೆಗೆ ಆ ಜಾಗದಲ್ಲಿ ನಿಮಾಯ್ ಕೂತರು. ಕೆಳಗಿನ ಸಾಲಿನಲ್ಲಿ ಕೈಮುಗಿದ ಕ್ಯಾಪ್ಟನ್, ಪಕ್ಕದಲ್ಲಿ ಅರ್ಧ ಖರ್ಚು ಕೊಟ್ಟ ಬೇಕರಿ ಮಾಲೀಕರು. ಫ್ಲೆಕ್ಸ್ ಬಾಲ್ಕನಿಗೆ ಕಟ್ಟುವ ಹೊತ್ತಿಗೆ ಶಾಟ್ನರ್ ಹೋಗಿ ಬಂದಾಗಿತ್ತು.

ಅಭಿಮಾನಿಗಳಿಂದ ಏನಾಗುತ್ತದೆ ಎಂದು ಯಾರಾದರೂ ಮೂಗು ಮುರಿದರೆ ಅವನ ಹತ್ತಿರ ಲೆಕ್ಕವಿದೆ. 1968ರಲ್ಲಿ ಧಾರಾವಾಹಿ ನಿಲ್ಲಿಸಲು ಹೊರಟ ಎನ್‌ಬಿಸಿಗೆ ಅಭಿಮಾನಿಗಳು ರಾಶಿರಾಶಿ ಕಾಗದ ಬರೆದು ಮೂರನೆಯ ವರ್ಷ ಓಡಿಸಿದರು. 1976ರಲ್ಲಿ ಅಮೆರಿಕದ ಅಧ್ಯಕ್ಷರಿಗೇ ಬರೆದು ನಾಸಾದ ಮೊದಲ ಷಟಲ್‌ಗೆ ಎಂಟರ್‌ಪ್ರೈಸ್ ಎಂದು ಹೆಸರಿಡಿಸಿದರು. ಬೇಕರಿಯವರು ಒಪ್ಪುವುದಿಲ್ಲ. ಎಂಜಿಆರ್ ಅಭಿಮಾನಿಗಳ ರಸಿಗರ್ ಮನ್ರದವರು ಸರ್ಕಾರವನ್ನೇ ತಂದರು, ಇವರು ಒಂದು ವಿಮಾನಕ್ಕೆ ಹೆಸರಿಟ್ಟು ಸುಮ್ಮನಾದರಲ್ಲ ಎನ್ನುತ್ತಾರೆ.

ತಾಯಿ ಮೆಚ್ಚಿದ ಧಾರಾವಾಹಿ ಒಂದೇ. ಹೊಸ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ದ ಶೀರ್ಷಿಕೆ ಸಂಗೀತದಲ್ಲಿ ಗಾಯತ್ರಿ ಮಂತ್ರವಿದೆ. ದೇವಾಂಗರ ಮನೆ, ಹಂಪಿಯ ಹೇಮಕೂಟದಲ್ಲಿ ಗಾಯತ್ರಿ ಪೀಠವೇ ಇರುವ ಸಮುದಾಯ. ಅಡುಗೆಮನೆಯಲ್ಲಿದ್ದವರು ಸೆರಗು ಹೊದ್ದು ಕೈಮುಗಿದು ಬಂದು ನಿಂತರು. ಮಂತ್ರ ಮುಗಿದದ್ದೇ ಡೋಲು, ಗುಂಡು, ಬೆಂಕಿ, ನೌಕೆ ಚೂರುಚೂರು. “ಮಂಗಳಾರತಿ ಜೋರಾಗಿದೆ. ಇವರು ನಮ್ಮವರೇ” ಎಂದು ಅವರು ಒಳಗೆ ಹೋದರು. ಈಗಲೂ ಆ ಸದ್ದು ಕೇಳಿದರೆ ಸ್ಟೌ ಸಣ್ಣ ಮಾಡಿ ಬರುತ್ತಾರೆ, ಡೋಲು ಬಡಿದ ಕೂಡಲೇ ಹೊರಟುಬಿಡುತ್ತಾರೆ.

ಹೆಂಡತಿಯನ್ನು ಒಪ್ಪಿಸುವುದು ಇಷ್ಟು ಸುಲಭವಲ್ಲ. ಆಕೆ ಸನ್ ಟೀವಿ ನೋಡುವವರು, ಧಾರಾವಾಹಿಯ ಧರ್ಮಸೂಕ್ಷ್ಮ ಬಲ್ಲವರು. ‘ಡಾಕ್ಟರ್ ಹೂ’ನಲ್ಲಿ ಡಾಕ್ಟರ್ ಸಾಯುವುದಿಲ್ಲ, ಮೈ ಬೆಳಗಿ ಹೊಸ ಮುಖ ಹೊತ್ತು ಏಳುತ್ತಾನೆ, 1966ರಿಂದ ಹೀಗೇ ನಡೆದು ಬಂದಿದೆ, ಕಥೆಗಾರರು ಎಂಥ ಬುದ್ಧಿವಂತರು ನೋಡು ಎಂದು ಕ್ಯಾಪ್ಟನ್ ಒಂದು ರಾತ್ರಿ ವಿವರಿಸಿದ.

“ಇದರಲ್ಲೇನಿದೆ? ನಮ್ಮ ಸೀರಿಯಲ್ಲಲ್ಲಿ ‘ಇವರುಕ್ಕು ಬದಿಲ್ ಇನಿ ಇವರ್’ ಅಂತ ಒಂದು ಗೆರೆ ಹಾಕ್ತಾರೆ, ಮುಗೀತು. ಮೈಗೆ ಬೆಂಕಿ ಹಚ್ಚಿಕೊಳ್ಳೋದೂ ಬೇಡ. ಸರಿ, ಈಗ ಯಾರು ಬಂದರು?”

2025ರ ಮೇ ಕೊನೆಯಲ್ಲಿ ಶೂಟಿ ಗಾಟ್ವಾ ಹೋಗಿ ಆ ಜಾಗದಲ್ಲಿ ಬಿಲ್ಲಿ ಪೈಪರ್ ಮುಖ ಕಂಡದ್ದನ್ನು ಅವನು ಹೇಳಿದ. 2005ರಲ್ಲಿ ಅದೇ ಧಾರಾವಾಹಿಯಲ್ಲಿ ಡಾಕ್ಟರನ ಜೊತೆಗಾತಿಯಾಗಿದ್ದವರು, ರೋಸ್ ಎಂಬ ಪಾತ್ರ.

“ಹಳೇ ಹೀರೋಯಿನ್ನೇ ಹೀರೋ ಜಾಗಕ್ಕೆ ಬಂದಳಾ?” ಆಕೆ ಬೆಳ್ಳುಳ್ಳಿ ಸುಲಿಯುತ್ತಲೇ ಕೇಳಿದರು. “ಹಾಗಾದರೆ ರೇಟಿಂಗ್ ಬಿದ್ದಿರಬೇಕು.”

ಕ್ಯಾಪ್ಟನ್ ಏನೂ ಹೇಳದೆ ಮಲಗಿದ. ಮಾರನೆಯ ಬೆಳಿಗ್ಗೆ ಬೇಕರಿಯಲ್ಲಿ ಒಂದು ಹುಬ್ಬು ಮೇಲಕ್ಕೆತ್ತಿ, ತಾನು ರಾತ್ರಿಯೆಲ್ಲ ಯೋಚಿಸಿ ಬಂದ ತೀರ್ಮಾನ ಎಂದು ಪೀಠಿಕೆ ಹಾಕಿ, ಅದನ್ನೇ ನಮಗೆಲ್ಲ ಹೇಳಿದ.