ಸೀಸನ್ನೇ ಇಲ್ಲದ ಸೀಸನ್ನಿಗೆ ಒಂದು ಭವಿಷ್ಯವಾಣಿ

ಇವರಿಗೆ,
ತುಮಕೂರು, ಗುಬ್ಬಿ ಹಾಗೂ ಕುಣಿಗಲ್‌ನ ಸಮಸ್ತ ಕಾಲೇಜುಗಳ ಪ್ರಾಂಶುಪಾಲರು, ಕ್ರೀಡಾ ಸಮಿತಿಯವರು ಮತ್ತು ದೈಹಿಕ ಶಿಕ್ಷಣ ನಿರ್ದೇಶಕರು.

ವಿಷಯ: ಅಂತರ ಕಾಲೇಜು ಪುರುಷರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಫಲಿತಾಂಶವನ್ನು ಪಂದ್ಯಾವಳಿಗೆ ಮುಂಚಿತವಾಗಿಯೇ ಸಲ್ಲಿಸುತ್ತಿರುವ ಬಗ್ಗೆ.

ಉಲ್ಲೇಖ: ಯಾವುದೂ ಇಲ್ಲ. ಯಾಕಿಲ್ಲ ಎಂಬುದೇ ಈ ಪತ್ರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಅಮೆರಿಕದ ಸಣ್ಣ ಕಾಲೇಜುಗಳಿಗೆ ಒಂದು ಚಾಳಿಯಿದೆ. ಅಲ್ಲಿ ಅಕ್ಕಪಕ್ಕದ ಎಂಟು ಹತ್ತು ಕಾಲೇಜುಗಳು ಸೇರಿ ಒಂದು ಕೂಟ ಕಟ್ಟಿಕೊಳ್ಳುತ್ತವೆ. ಅದಕ್ಕೆ ಕಾನ್ಫರೆನ್ಸ್ ಎಂದು ಹೆಸರು. ಅಕ್ಟೋಬರ್ ಬಂದರೆ ಆ ಕೂಟದ ಕೋಚ್‌ಗಳೆಲ್ಲ ಮತ ಹಾಕಿ, ಈ ಸಲ ಯಾರು ಮೊದಲು ಯಾರು ಕೊನೆ ಎಂದು ಪಟ್ಟಿ ಬಿಡುತ್ತಾರೆ. ತನ್ನ ತಂಡಕ್ಕೆ ತಾನೇ ಮತ ಹಾಕುವಂತಿಲ್ಲ ಎಂಬುದು ಬಹಳ ಕಡೆ ಇರುವ ನಿಯಮ. ಇದನ್ನು ನಮ್ಮ ಸೊಸೈಟಿ ಚುನಾವಣೆಗಳಿಗೆ ತಂದರೆ ಎಷ್ಟು ಅಭ್ಯರ್ಥಿಗಳಿಗೆ ಸೊನ್ನೆ ಬೀಳುತ್ತದೆಂದು ಲೆಕ್ಕ ಹಾಕುವ ಕೆಲಸವನ್ನು ತಮಗೇ ಬಿಟ್ಟಿದ್ದೇನೆ.

ನವೆಂಬರ್‌ನಲ್ಲಿ ಅಲ್ಲಿ ಆಟ ಶುರು. ಡಿವಿಷನ್ ತ್ರೀ ಎಂಬ ದರ್ಜೆಯಲ್ಲಿ ನಾನೂರಕ್ಕೂ ಮಿಕ್ಕಿ ಕಾಲೇಜುಗಳಿವೆ. ಆಟಕ್ಕೆಂದು ಯಾರಿಗೂ ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ. ಆದರೂ ಒಂದೊಂದು ತಂಡ ವರ್ಷಕ್ಕೆ ಇಪ್ಪತ್ತೈದರ ಆಸುಪಾಸು ಪಂದ್ಯ ಆಡುತ್ತದೆ. ಇಷ್ಟೆಲ್ಲ ಆಡಿಸಿದರೆ ಏನಾಗುತ್ತದೆ? ಭವಿಷ್ಯ ತಪ್ಪಾಗುತ್ತದೆ. ದೊಡ್ಡ ಕಾಲೇಜುಗಳ ಪಂದ್ಯಾವಳಿಯಲ್ಲೂ ಇದೇ ಪಾಡು. 2018ರ ಮಾರ್ಚ್ 16ರಂದು ಒಂದನೇ ಶ್ರೇಯಾಂಕದ ವರ್ಜೀನಿಯಾವನ್ನು ಹದಿನಾರನೇ ಶ್ರೇಯಾಂಕದ ಯುಎಂಬಿಸಿ ಎಂಬ ತಂಡ 74–54ರಿಂದ ಮನೆಗೆ ಕಳಿಸಿತು. ಪುರುಷರ ವಿಭಾಗದಲ್ಲಿ ಅಂಥದ್ದು ಅಲ್ಲಿಯವರೆಗೆ ನಡೆದೇ ಇರಲಿಲ್ಲ. ಪಂಡಿತರ ಮುಖ ನೋಡುವ ಹಾಗಿರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಪಂಡಿತರಿಗೆ ಇಂಥ ಅವಮಾನ ಆಗಕೂಡದೆಂದು ತಾವು ಎಲ್ಲ ಏರ್ಪಾಡು ಮಾಡಿದ್ದೀರಿ. ಅದಕ್ಕೆ ಕೃತಜ್ಞತೆ ಸಲ್ಲಿಸುತ್ತಾ ನನ್ನ ಭವಿಷ್ಯವನ್ನು ಈ ಕೆಳಕಂಡಂತೆ ಮಂಡಿಸುತ್ತೇನೆ. ಈ ಐದು ಭವಿಷ್ಯಗಳಲ್ಲಿ ಕಾಲೇಜುಗಳ ಹೆಸರು ಹೇಳುವುದಿಲ್ಲ. ಹೇಳದಿದ್ದರೆ ಎಲ್ಲರೂ ಪಕ್ಕದ ಕಾಲೇಜಿನದೆಂದು ಸಂತೋಷಪಡುತ್ತಾರೆ.

ಭವಿಷ್ಯ ಒಂದು: ಉದ್ಘಾಟನೆ. ಬೆಳಿಗ್ಗೆ ಒಂಬತ್ತಕ್ಕೆ ಎಂದು ಅಚ್ಚಾದ ಕಾರ್ಯಕ್ರಮ ಹನ್ನೊಂದೂವರೆಗೆ ಶುರುವಾಗುತ್ತದೆ. ಹುಡುಗರು ಬಿಸಿಲಿನಲ್ಲಿ ಸಾಲಾಗಿ ನಿಂತು, ಕ್ರೀಡೆಯಿಂದ ಶಿಸ್ತು ಬರುತ್ತದೆ, ಸಮಯಪ್ರಜ್ಞೆ ಬರುತ್ತದೆ ಎಂಬ ಮಾತುಗಳನ್ನು ತಡವಾಗಿ ಬಂದವರ ಬಾಯಿಂದ ಕೇಳುತ್ತಾರೆ. ಆಮೇಲೆ ಮುಖ್ಯ ಅತಿಥಿಗಳು ಬಾಲನ್ನು ರಿಂಗಿಗೆ ಹಾಕಬೇಕು. ಮೊದಲ ಎಸೆತ ಬೋರ್ಡಿಗೂ ಮುಟ್ಟುವುದಿಲ್ಲ. ಎರಡನೆಯದು ಬೋರ್ಡಿನ ಹಿಂದೆ ನಿಲ್ಲಿಸಿದ ಬೈಕುಗಳ ಮೇಲೆ ಬೀಳುತ್ತದೆ. ಮೂರನೆಯದಕ್ಕೆ ದೈಹಿಕ ಶಿಕ್ಷಣ ನಿರ್ದೇಶಕರು, ‘ಸಾರ್, ಸ್ವಲ್ಪ ಮುಂದೆ ಬನ್ನಿ, ಇನ್ನೂ ಸ್ವಲ್ಪ ಬನ್ನಿ’ ಎನ್ನುತ್ತಾ ರಿಂಗಿನ ಕೆಳಗೇ ಕರೆತರುತ್ತಾರೆ. ರಿಂಗು ಇರುವುದು ನೆಲದಿಂದ 3.05 ಮೀಟರ್ ಮೇಲೆ; ಅತಿಥಿಗಳ ಭುಜಕ್ಕೆ ಹೊದಿಸಿದ ಶಾಲು ಇನ್ನೂ ಅಲ್ಲೇ ಇದೆ. ಆ ಬಾಲೂ ಬೀಳುವುದಿಲ್ಲ. ಚಪ್ಪಾಳೆ ಮಾತ್ರ ಬೀಳುತ್ತದೆ. ಮಾರನೆಯ ದಿನ ಪೇಪರಿನಲ್ಲಿ ಬರುವ ಫೋಟೊ ಇದೊಂದೇ. ಗೆದ್ದ ತಂಡದ ಫೋಟೊಗೆ ಜಾಗ ಸಾಲದು.

ಭವಿಷ್ಯ ಎರಡು: ಚೀಟಿ. ಯಾರು ಗೆಲ್ಲುತ್ತಾರೆಂದು ನಮ್ಮಲ್ಲಿ ತಿಳಿಯಬೇಕಾದರೆ ಆಟಗಾರರ ಪಟ್ಟಿ ನೋಡುವುದು ದಂಡ. ಡ್ರಾ ತೆಗೆಯುವ ಮೇಜು ನೋಡಿ. ಯಾವ ತಂಡಕ್ಕೆ ‘ಬೈ’ ಸಿಕ್ಕಿತೋ ಅದು ಒಂದು ಸುತ್ತು ಆಡದೆ ಗೆದ್ದಿತು. ಎದುರಾಳಿಗೆ ಅಂದೇ ಇಂಟರ್ನಲ್ಸ್ ಇದ್ದು ತಂಡ ಬರದಿದ್ದರೆ ವಾಕ್‌ಓವರ್; ಇನ್ನೊಂದು ಸುತ್ತು ಆಡದೆ ಗೆದ್ದಿತು. ಸೆಮಿಫೈನಲ್ಲಿನಲ್ಲಿ ಎದುರು ತಂಡದ ಎತ್ತರದ ಹುಡುಗನ ಅರ್ಹತಾ ಫಾರಂನಲ್ಲಿ ಪ್ರಾಂಶುಪಾಲರ ಸೀಲು ಫೋಟೊ ಮೇಲೆ ಅರ್ಧ, ಹಾಳೆಯ ಮೇಲೆ ಅರ್ಧ ಬಿದ್ದಿಲ್ಲವೆಂದು ತಕರಾರು ಎದ್ದರೆ ಫೈನಲ್. ಬಾಲು ಮುಟ್ಟದೆ ಫೈನಲ್ ತಲುಪುವ ಈ ಸೌಲಭ್ಯ ಅಮೆರಿಕದಲ್ಲಿಲ್ಲ.

ಭವಿಷ್ಯ ಮೂರು: ಮಳೆ. ನಮ್ಮ ಕಡೆಯ ಕೋರ್ಟುಗಳು ಹೆಚ್ಚಿನವು ಬಯಲಿನ ಸಿಮೆಂಟ್ ಕೋರ್ಟುಗಳು. ಉದ್ದ 28 ಮೀಟರ್, ಅಗಲ 15 ಮೀಟರ್, ಇಳಿಜಾರು ದೇವರಿಗೇ ಗೊತ್ತು. ಹಿಂಗಾರು ಯಾವಾಗ ಬರುತ್ತದೆಂದು ಹವಾಮಾನ ಇಲಾಖೆಯನ್ನು ಕೇಳಬೇಕಾಗಿಲ್ಲ, ಪಂದ್ಯಾವಳಿಯ ಸುತ್ತೋಲೆ ನೋಡಿದರೆ ಸಾಕು. ಮೂರನೇ ಕ್ವಾರ್ಟರ್‌ನಲ್ಲಿ ಹನಿ ಬೀಳುತ್ತದೆ. ಡ್ರಿಬಲ್ ಮಾಡಿದ ಬಾಲು ನೀರಿನ ಗುಂಡಿಯಲ್ಲಿ ಕೂತು ಮೇಲೇಳುವುದಿಲ್ಲ. ಆಗ ‘ಇಲ್ಲಿವರೆಗಿನ ಸ್ಕೋರನ್ನೇ ಫೈನಲ್ ಮಾಡೋಣ’ ಎಂದು ಮುಂದಿರುವವರೂ, ‘ನಾಳೆ ಮೊದಲಿಂದ ಆಡೋಣ’ ಎಂದು ಹಿಂದಿರುವವರೂ ಒಂದೇ ಕೊಡೆಯ ಕೆಳಗೆ ನಿಂತು ವಾದಿಸುತ್ತಾರೆ.

ಭವಿಷ್ಯ ನಾಲ್ಕು: ಗಡಿಯಾರ. ಬಾಲು ಸಿಕ್ಕಿದ ತಂಡ 24 ಸೆಕೆಂಡಿನೊಳಗೆ ರಿಂಗಿಗೆ ಎಸೆಯಬೇಕೆಂಬ ನಿಯಮವನ್ನು ನಮ್ಮಲ್ಲಿ ಪಾಲಿಸುವುದು ಸ್ಕೋರ್ ಟೇಬಲ್ಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತ ಮೊದಲ ವರ್ಷದ ಬಿ.ಕಾಂ. ಹುಡುಗ. ಅವನ ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್. ನಡುವೆ ಮನೆಯಿಂದ ಫೋನು ಬಂದರೆ, 24 ಸೆಕೆಂಡಿಗೆ ‘ಊಟ ಆಯ್ತು ಕಣಮ್ಮ, ಮ್ಯಾಚ್ ನಡೀತಿದೆ ಇಡು’ ಎನ್ನುವಷ್ಟು ಸೇರಿಸಿಕೊಳ್ಳಬೇಕು. ಬಲೆ ಕಿತ್ತುಹೋದ ರಿಂಗಿನಲ್ಲಿ ಬಾಲು ಒಳಗಿಂದ ಇಳಿಯಿತೋ ಹೊರಗಿಂದ ಸವರಿಕೊಂಡು ಹೋಯಿತೋ ಎಂಬುದನ್ನು ನಿರ್ಧರಿಸುವುದು ಯಾರ ಗಂಟಲು ದೊಡ್ಡದು ಎಂಬುದರ ಮೇಲೆ. ಈ ವಿಭಾಗದಲ್ಲಿ ಆತಿಥೇಯ ಕಾಲೇಜು ಪ್ರಬಲ ದಾವೇದಾರ.

ಭವಿಷ್ಯ ಐದು: ಆರಡಿ ಎರಡಂಗುಲದ ಹುಡುಗ. ಪ್ರತಿ ವರ್ಷ ಮೂರೂ ಊರುಗಳಲ್ಲಿ ಇಂಥವನೊಬ್ಬ ಪಿಯುಸಿಯಲ್ಲಿ ಕಣ್ಣಿಗೆ ಬೀಳುತ್ತಾನೆ. ‘ಮುಂದಿನ ವರ್ಷ ಕಪ್ಪು ನಮ್ಮದೇ’ ಎಂದು ಟೀ ಅಂಗಡಿಯಲ್ಲಿ ಘೋಷಣೆಯಾಗುತ್ತದೆ. ಜೂನ್ ಬರುವ ಹೊತ್ತಿಗೆ ಅವನು ಊಟ, ಹಾಸ್ಟೆಲ್, ಫೀಸು ಎಲ್ಲ ಉಚಿತವಾಗಿ ಕೊಡುವ ಬೆಂಗಳೂರಿನ ಯಾವುದೋ ಕಾಲೇಜಿಗೋ, ಮೂಡುಬಿದಿರೆಗೋ ಹೋಗಿರುತ್ತಾನೆ. ಹೋಗದೆ ಉಳಿದನೆಂದರೆ ಮನೆಯಲ್ಲಿ ಅಡಿಕೆ ಕೊಯ್ಲು ಇದೆಯೆಂದು ಅರ್ಥ, ಪಂದ್ಯಾವಳಿಯೂ ಅದೇ ವಾರ. ತೋಟ ಗೆಲ್ಲುತ್ತದೆ.

ಇಷ್ಟು ಹೇಳಿದ ಮೇಲೆ ಊರುವಾರು ಭವಿಷ್ಯ ಹೇಳದಿದ್ದರೆ ಪತ್ರ ಅಪೂರ್ಣವಾಗುತ್ತದೆ.

ತುಮಕೂರು ನಗರ: ಕಾಗದದ ಮೇಲೆ ಅತಿ ಬಲಿಷ್ಠ. ಹಾಸ್ಟೆಲ್‌ಗಳಿವೆ, ಬೇರೆ ಜಿಲ್ಲೆಗಳಿಂದ ಬಂದ ಹುಡುಗರಿದ್ದಾರೆ, ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ಹೊಸ ರೂಪ ಪಡೆದ ಮಹಾತ್ಮಗಾಂಧಿ ಕ್ರೀಡಾಂಗಣವಿದೆ. ತೊಂದರೆ ಒಂದೇ: ನಗರದ ತಂಡಗಳು ಪರಸ್ಪರ ಭೇಟಿಯಾಗಲು ಕಾನೂನು ಅಡ್ಡ ಬರುತ್ತದೆ. 1963ರಲ್ಲಿ ಶುರುವಾದ ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯಲ್ಲಿ ಕೂತಿರುವ ವಿಟಿಯು ಕಡೆಗೆ ಸೇರಿದ್ದು. ಅದೇ ಊರಿನಲ್ಲಿ 1979ರಲ್ಲಿ ಶುರುವಾದ ಸಿದ್ಧಾರ್ಥ ಎಂಜಿನಿಯರಿಂಗ್ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಡಿಗ್ರಿ ಕಾಲೇಜುಗಳು 2004ರಲ್ಲಿ ಹುಟ್ಟಿದ ತುಮಕೂರು ವಿಶ್ವವಿದ್ಯಾನಿಲಯದ್ದು. ಒಂದೇ ಸಿಟಿ ಬಸ್ಸಿನಲ್ಲಿ ಓಡಾಡುವ, ಒಂದೇ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿನ್ನುವ ಹುಡುಗರು ಅಧಿಕೃತ ಪಂದ್ಯದಲ್ಲಿ ಎದುರುಬದುರಾಗಬೇಕಾದರೆ ಮೂರು ವಿಶ್ವವಿದ್ಯಾಲಯಗಳ ತಂಡಗಳಿಗೆ ಆಯ್ಕೆಯಾಗಿ, ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆಂದು ರೈಲು ಹತ್ತಿ ಇನ್ನೊಂದು ರಾಜ್ಯಕ್ಕೆ ಹೋಗಿ, ಅಲ್ಲಿ ಡ್ರಾ ಕೂಡಿ ಬರಬೇಕು. ಜಾತಕ ಕೂಡಿಸುವುದು ಇದಕ್ಕಿಂತ ಸಲೀಸು.

ಗುಬ್ಬಿ: ಅನುಭವದಲ್ಲಿ ಹಿರಿಯ. ಬ್ಯಾಸ್ಕೆಟ್‌ಬಾಲ್ ಆಟವನ್ನು ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಕಟ್ಟಿದ್ದು 1891ರಲ್ಲಿ. ಅದಕ್ಕೂ ಏಳು ವರ್ಷ ಮೊದಲೇ, 1884ರಲ್ಲಿ, ಗುಬ್ಬಿ ಕಂಪನಿ ನಾಟಕ ಶುರುಮಾಡಿತ್ತು. ಆ ಕಂಪನಿಯವರಿಗೆ ಒಂದು ವಿಷಯ ಗೊತ್ತಿತ್ತು: ನಟ ಪಳಗಬೇಕಾದರೆ ಊರೂರಿಗೆ ಕ್ಯಾಂಪ್ ಹಾಕಬೇಕು, ಅದೇ ನಾಟಕವನ್ನು ರಾತ್ರಿ ಮೇಲೆ ರಾತ್ರಿ ಆಡಬೇಕು. ವರ್ಷಕ್ಕೊಂದು ಸಲ ಬಣ್ಣ ಹಚ್ಚಿ, ಮೊದಲ ಅಂಕದಲ್ಲೇ ಮಾತು ತಪ್ಪಿದವನನ್ನು ‘ಮುಂದಿನ ವರ್ಷ ಬಾ’ ಎಂದು ಬಸ್ಸು ಹತ್ತಿಸಿದ್ದರೆ ಕನ್ನಡ ರಂಗಭೂಮಿಗೆ ವೀರಣ್ಣನವರ ತಂಡವೂ ಇರುತ್ತಿರಲಿಲ್ಲ, ಅದರಿಂದ ಬಂದ ಘಟಾನುಘಟಿಗಳೂ ಇರುತ್ತಿರಲಿಲ್ಲ. ಅದೇ ಊರಿನ ಕಾಲೇಜು ಹುಡುಗನಿಗೆ ನಾವು ಕೊಟ್ಟಿರುವುದು ಒಂದು ಪ್ರಯೋಗ, ಅದೂ ಹಗಲು ಹೊತ್ತು, ಪ್ರೇಕ್ಷಕರಿಲ್ಲದೆ.

ಕುಣಿಗಲ್: ಭವಿಷ್ಯ ನುಡಿಯುವವರಿಗೆ ಇದು ಪುಣ್ಯಕ್ಷೇತ್ರ. ಹೈದರಾಲಿ, ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು. ಇಲ್ಲಿನ ಸ್ಟಡ್ ಫಾರ್ಮ್‌ನಲ್ಲಿ ಒಂದು ಮರಿ ಹುಟ್ಟಿದರೆ ಅದರ ಅಪ್ಪ ಯಾರು, ಅವ್ವ ಯಾರು, ಅಜ್ಜಿ ಯಾರು ಎಂಬುದೆಲ್ಲ ಸ್ಟಡ್ ಬುಕ್ಕಿನಲ್ಲಿ ದಾಖಲಾಗುತ್ತದೆ. ಅದು ಬೆಂಗಳೂರಿನ ರೇಸ್‌ಕೋರ್ಸಿಗೆ ಹೋದ ಮೇಲೆ ಯಾವ ದಿನ, ಎಷ್ಟು ದೂರ, ಎಷ್ಟು ಭಾರ ಹೊತ್ತು, ಎಷ್ಟನೆಯದಾಗಿ ಬಂತು ಎಂಬುದಕ್ಕೂ ಲೆಕ್ಕವಿದೆ. ಅದೇ ಊರಿನ ಕಾಲೇಜು ತಂಡದ ಪಾಯಿಂಟ್ ಗಾರ್ಡ್ ಹೋದ ವರ್ಷ ಎಷ್ಟು ಪಾಯಿಂಟ್ ಹೊಡೆದ, ಎಷ್ಟು ಪಾಸು ಕೊಟ್ಟ ಎಂದು ಕೇಳಿ ನೋಡಿ. ಸ್ಕೋರ್ ಶೀಟು ಬಹುಮಾನ ವಿತರಣೆಯ ದಿನವೇ ಬೋಂಡದ ಎಣ್ಣೆ ಹೀರಿಕೊಂಡಿರುತ್ತದೆ. ಕುಣಿಗಲ್ಲಿನಲ್ಲಿ ಹುಟ್ಟುವುದಾದರೆ ನಾಲ್ಕು ಕಾಲಿನ ಮೇಲೆ ಹುಟ್ಟುವುದೇ ಲೇಸು. ಪತ್ರದ ತಲೆಯಲ್ಲಿ ‘ಉಲ್ಲೇಖ: ಯಾವುದೂ ಇಲ್ಲ’ ಎಂದು ಬರೆದದ್ದು ಈ ಕಾರಣಕ್ಕೆ.

ಮಾನ್ಯರೇ, ಈಗ ಸ್ವಲ್ಪ ಗಣಿತ. ಹದಿನಾರು ತಂಡ ಬಂದವೆಂದು ಇಟ್ಟುಕೊಳ್ಳಿ. ನಾಕೌಟ್‌ನಲ್ಲಿ ಹದಿನೈದು ಪಂದ್ಯಕ್ಕೆ ಕತೆ ಮುಗಿಯಿತು. ಎಂಟು ತಂಡಗಳು ಒಂದೇ ಒಂದು ಪಂದ್ಯ ಆಡಿ ಮನೆಗೆ. ಹತ್ತು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಒಟ್ಟು 40 ನಿಮಿಷ. ಅದು ಅವರ ಇಡೀ ವರ್ಷ. ಕುಣಿಗಲ್‌ನಿಂದ ತುಮಕೂರಿಗೆ ಬಂದು ಹೋಗುವ ಬಸ್ಸಿನ ಪ್ರಯಾಣ ಅದಕ್ಕಿಂತ ಉದ್ದ. ಇಷ್ಟು ಅವಸರ ಯಾಕೆಂದರೆ ವಿಶ್ವವಿದ್ಯಾಲಯಕ್ಕೆ ಬೇಕಾಗಿರುವುದು ದಕ್ಷಿಣ ವಲಯಕ್ಕೆ ಕಳಿಸುವ ಹನ್ನೆರಡು ಹುಡುಗರು. ಅವರನ್ನು ಆರಿಸಿದೊಡನೆ ಅಂತರ ಕಾಲೇಜು ಪಂದ್ಯಾವಳಿಯ ಕೆಲಸ ಮುಗಿಯಿತು. ಉಳಿದವರು ಆ ಹನ್ನೆರಡು ಮಂದಿ ಎದ್ದು ಕಾಣಲೆಂದು ಬಂದವರು. ಈ ನಡುವೆ 2021ರಲ್ಲಿ ಡಿಗ್ರಿ ನಾಲ್ಕು ವರ್ಷವಾಯಿತು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಒಬ್ಬ ಆಟಗಾರನಿಗೆ ಜನ್ಮದಲ್ಲಿ ಮೂರು ಪಂದ್ಯವೋ ನಾಲ್ಕೋ ಎಂಬುದನ್ನೂ ವಿಧಾನಸೌಧವೇ ತೀರ್ಮಾನಿಸುವಂತಾಯಿತು.

ಆದಕಾರಣ ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ: ನಮಗೆ ಒಂದು ಲೀಗ್ ಕೊಡಿ. ದೊಡ್ಡದೇನೂ ಬೇಡ. ಊರಿಗೆ ಎರಡರಂತೆ ಆರು ತಂಡ. ಬೆಳಗಾವಿ ಯಾರದು, ತುಮಕೂರು ವಿಶ್ವವಿದ್ಯಾನಿಲಯ ಯಾರದು, ಡೀಮ್ಡ್ ಯಾರದು ಎಂದು ಕೇಳಬೇಡಿ. ತುಮಕೂರಿನಿಂದ ಗುಬ್ಬಿ ಸುಮಾರು 20 ಕಿಲೋಮೀಟರ್, ಕುಣಿಗಲ್ ಸುಮಾರು 35. ಶನಿವಾರ ಮಧ್ಯಾಹ್ನ ಹೊರಟವರು ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಾರೆ. ಪ್ರತಿ ತಂಡ ಉಳಿದ ಐದರ ಜೊತೆ ತನ್ನ ಅಂಗಳದಲ್ಲೊಂದು, ಅವರ ಅಂಗಳದಲ್ಲೊಂದು ಪಂದ್ಯ ಆಡಲಿ. ತಲಾ ಹತ್ತು ಪಂದ್ಯ, ಒಟ್ಟು ಮೂವತ್ತು. ಖರ್ಚು ಬಸ್ ಚಾರ್ಜು, ಬಾಳೆಹಣ್ಣು, ಚಿತ್ರಾನ್ನ, ಎರಡು ಸೀಟಿ, ಒಂದು ರಿಜಿಸ್ಟರು. ಉದ್ಘಾಟನೆಯ ಹಾರ, ಶಾಲು, ಫ್ಲೆಕ್ಸುಗಳ ಬಾಬ್ತಿನಲ್ಲಿ ಇದಕ್ಕೆ ಬೇಕಾದ ಅನುದಾನ ಅಡಗಿದೆ ಎಂಬುದು ನನ್ನ ಬಲವಾದ ಶಂಕೆ.

ಜನ ಬರುತ್ತಾರೋ ಎಂದು ಕೇಳಬೇಡಿ. ಹೇಮಾವತಿ ನದಿ ನೀರಿನ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿಷಯದಲ್ಲಿ ಕುಣಿಗಲ್ಲಿನವರು ಬೇಕೆಂದೂ ಗುಬ್ಬಿಯವರು ಬೇಡವೆಂದೂ ರಸ್ತೆಗಿಳಿಯುವುದನ್ನು ತಾವು ಕಂಡಿದ್ದೀರಿ. ಗುಬ್ಬಿ–ಕುಣಿಗಲ್ ಪಂದ್ಯಕ್ಕೆ ಪ್ರಚಾರದ ಖರ್ಚೇ ಬೇಕಿಲ್ಲ. ನೀರಿನ ಸಿಟ್ಟನ್ನು ವರ್ಷಕ್ಕೆಂಟು ಪಂದ್ಯಗಳಲ್ಲಿ ಬಾಲಿನ ಮೇಲೆ ತೀರಿಸಿಕೊಂಡರೆ ಪೊಲೀಸ್ ಇಲಾಖೆಯೂ ಲೀಗಿಗೆ ಸಣ್ಣ ದೇಣಿಗೆ ಕೊಟ್ಟೀತು.

ಇದರಿಂದ ನನಗೇನು ಲಾಭ ಎಂದರೆ, ನಷ್ಟವೇ. ಹತ್ತು ಪಂದ್ಯ ಆಡಿದ ತಂಡ ಐದನೆಯದಕ್ಕೆ ಬದಲಾಗುತ್ತದೆ. ಮೊದಲ ಪಂದ್ಯದಲ್ಲಿ ಎಡಗೈ ಬಳಸಲಾಗದೆ ಬಾಲು ಕಳೆದುಕೊಂಡ ಹುಡುಗ ಏಳನೆಯದರಲ್ಲಿ ಎಡಗಡೆಯಿಂದಲೇ ನುಗ್ಗಿ ಲೇಅಪ್ ಹಾಕುತ್ತಾನೆ. ಕೊನೆಯ ಸ್ಥಾನಕ್ಕೆಂದು ನಾನು ಬರೆದಿಟ್ಟ ತಂಡ ಮೂರನೆಯದಾಗುತ್ತದೆ. ಟೀ ಅಂಗಡಿಯಲ್ಲಿ ‘ಏನ್ ಸಾರ್, ನಿಮ್ ಲೆಕ್ಕ ಎಲ್ಲಾ ಉಲ್ಟಾ ಹೊಡೀತಲ್ಲ’ ಎಂದು ಹುಡುಗರು ನಗುತ್ತಾರೆ. ಆ ಅವಮಾನಕ್ಕೆ ನಾನು ಅರ್ಹನಾಗಿದ್ದೇನೆ, ದಯಮಾಡಿ ದಯಪಾಲಿಸಿ. ಅಲ್ಲಿಯವರೆಗೆ ನನ್ನ ಭವಿಷ್ಯ ಕರಾರುವಾಕ್ಕಾಗಿರುತ್ತದೆ, ಮತ್ತು ಅದಕ್ಕೆ ಜವಾಬ್ದಾರರು ತಾವು.



ಇಂತಿ ತಮ್ಮ ವಿಶ್ವಾಸಿ,
ಗ್ಯಾಲರಿಯಿಲ್ಲದ ಅಂಗಳದ ಕಾಂಪೌಂಡ್ ಮೇಲೆ ಕೂರುವ ಪ್ರೇಕ್ಷಕ

ಲಗತ್ತು: ಪಂದ್ಯಾವಳಿಯ ಫಲಿತಾಂಶ, ಒಂದು ಪ್ರತಿ. ಇಸವಿಯ ಜಾಗವನ್ನು ಖಾಲಿ ಬಿಡಲಾಗಿದೆ. ಪ್ರತಿ ವರ್ಷ ತಾವೇ ತುಂಬಿಕೊಳ್ಳಬಹುದು. ಲೀಗ್ ಶುರುವಾದರೆ ಮಾತ್ರ ಹರಿದುಹಾಕುವುದು.