ತಾತನ ಎರಡನೇ ರೆಜಿಮೆಂಟು

ನಮ್ಮ ತಾತ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರರಾಗಿದ್ದವರು. ಬೆಂಗಳೂರಿನ ಹಲಸೂರು ಕೆರೆಯ ಬಳಿಯ ಸೆಂಟರಿನಲ್ಲಿ ತರಬೇತಿ, ಆಮೇಲೆ ದೇಶವೆಲ್ಲ ಸುತ್ತಾಟ. ಪಿಂಚಣಿ ಪಡೆದು ಚನ್ನರಾಯಪಟ್ಟಣದ ಕಡೆಯ ಹಳ್ಳಿಗೆ ಮರಳುವಾಗ ತಂದದ್ದು ಹೆಸರು, ನಂಬರು ಬರೆದ ಕಪ್ಪು ಟ್ರಂಕು ಮತ್ತು ಮೂರು ಭಾಷೆ: ಲೆಕ್ಕಕ್ಕೆ ತಮಿಳು, ಬೈಗುಳಕ್ಕೆ ಹಿಂದಿ, ಹಸುಗಳ ಜೊತೆ ಕನ್ನಡ. ಅಜ್ಜಿಯ ಎದುರು ಮೂರೂ ಕೈಕೊಡುತ್ತಿದ್ದವು.

ಬೇಸಿಗೆ ರಜೆಯಲ್ಲಿ ಬೆಳಗಿನ ಜಾವ ಮೊಮ್ಮಕ್ಕಳನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ‘ಸಾವಧಾನ್’ ಎನ್ನುತ್ತಿದ್ದರು. ಉಗುರು ತಪಾಸಣೆ ಅರ್ಧಕ್ಕೆ ಬರುವಷ್ಟರಲ್ಲಿ ಒಳಗಿನಿಂದ ‘ಕೊಟ್ಟಿಗೆ ಬಾಚಿದ್ದಾಯ್ತಾ?’ ಎಂಬ ದನಿ. ತಾತ ಮಾಯ. ‘ವಿಶ್ರಾಮ್’ ಹೇಳಲು ಮರೆತು ಹೋಗುತ್ತಿದ್ದರಿಂದ, ಅಜ್ಜಿ ರೊಟ್ಟಿಗೆ ಕೂಗುವವರೆಗೂ ನಾವು ಕಂಬಗಳಂತೆ ನಿಂತೇ ಇರುತ್ತಿದ್ದೆವು.

ಸ್ವಾತಂತ್ರ್ಯ ದಿನದಂದು ಶಾಲೆಯಲ್ಲಿ ಅವರದೇ ಭಾಷಣ. ‘1971. ಬಸಂತರ್ ನದಿ. ಚಳಿ ಇತ್ತು. ಮೈನು ತೆಗೆದೆವು. ಜೈ ಹಿಂದ್.’ ಮೇಷ್ಟ್ರು ಎದ್ದು ನಿಲ್ಲುವಷ್ಟರಲ್ಲಿ ಮುಗಿದೇ ಹೋಗುತ್ತಿತ್ತು.

ಉಳಿದ ಕಥೆ ಜಗಲಿಯ ಮೇಲೆ. ಪಾಕಿಸ್ತಾನದ ಜೊತೆಗಿನ ಆ ಯುದ್ಧದಲ್ಲಿ ತಾತನ ಒಂಬತ್ತನೇ ಎಂಜಿನಿಯರ್ ರೆಜಿಮೆಂಟಿನವರು ಶಕರ್‌ಗಢದ ಕಡೆ ಡಿಸೆಂಬರ್ ಕತ್ತಲಲ್ಲಿ ನೆಲದಲ್ಲಿ ಹುಗಿದ ಮೈನುಗಳ ನಡುವೆ ಟ್ಯಾಂಕುಗಳಿಗೆ ದಾರಿ ಬಿಡಿಸುತ್ತಿದ್ದರಂತೆ. ದಾರಿ ಪೂರ್ತಿ ಆಗುವ ಮೊದಲೇ ಪೂನಾ ಹಾರ್ಸ್‌ನವರ ಟ್ಯಾಂಕುಗಳು ನುಗ್ಗಿದವು. ಆ ಟ್ಯಾಂಕು ದಳದ ಇಪ್ಪತ್ತೊಂದರ ಅರುಣ್ ಖೇತರ್ಪಾಲ್ ಪರಮವೀರ ಚಕ್ರ ಪಡೆದದ್ದು ಅದೇ ಕಾಳಗದಲ್ಲಿ. ತಾತನಿಗೆ ಆ ಹುಡುಗನ ಮೇಲೆ ಅಪಾರ ಗೌರವ. ಆದರೂ ‘ನಮ್ಮ ಕೆಲಸ ಮುಗಿಯೋವರೆಗೂ ತಡೀಬಾರದಿತ್ತಾ?’ ಎಂದು ಗೊಣಗುವಾಗ ಥೇಟ್ ಸಾರಿಸಿದ ನೆಲ ಒಣಗುವ ಮೊದಲೇ ತುಳಿದವರನ್ನು ಅಜ್ಜಿ ಬೈದ ಹಾಗಿರುತ್ತಿತ್ತು. ತಮ್ಮ ರೆಜಿಮೆಂಟಿನ ಮೇಜರ್ ವಿಜಯ ರತ್ತನ್ ಚೌಧರಿ, ಸತ್ತ ಮೇಲೆ ಮಹಾವೀರ ಚಕ್ರ ಪಡೆದವರು, ಅವರ ಹೆಸರು ಬಂದಾಗ ಮಾತ್ರ ಎದ್ದು ಹಸುವಿಗೆ ಹುಲ್ಲು ಹಾಕಲು ಹೋಗುತ್ತಿದ್ದರು. ಹುಲ್ಲು ಆಗಲೇ ಹಾಕಿರುತ್ತಿತ್ತು.

ಗಡಿಯಿಂದ ಅವರು ಬರೆದ ಇನ್‌ಲ್ಯಾಂಡ್ ಪತ್ರಗಳನ್ನು ಅಜ್ಜಿ ಇಟ್ಟುಕೊಂಡಿದ್ದರು. ಅಜ್ಜಿಗೆ ಓದಲು ಬಾರದು, ಓದಿ ಹೇಳುವವರು ಊರ ಮೇಷ್ಟ್ರು. ಹಾಗಾಗಿ ಪತ್ರದ ತುಂಬ ಗೊಬ್ಬರ, ಮಳೆ ಮತ್ತು ಗೌರಿ ಎಂಬ ಹಸುವಿನ ಆರೋಗ್ಯ. ‘ಗೌರಿ ಸರಿಯಾಗಿ ಮೇಯುತ್ತಿದ್ದಾಳೆಯೇ? ಚಳಿಯಲ್ಲಿ ಹೊರಗೆ ಮಲಗಿಸಬೇಡಿ.’ ಗೌರಿ ಯಾರೆಂದು ಅಜ್ಜಿಗೆ ಗೊತ್ತಿತ್ತು. ಮೇಷ್ಟ್ರಿಗೂ ಗೊತ್ತಿತ್ತೆಂದು ನನ್ನ ಗುಮಾನಿ.

ಅಜ್ಜಿಗೆ ಮಂಡಿನೋವು ಬಂದಾಗ ತಾತನೊಳಗಿನ ಸ್ಯಾಪರ್ ಮತ್ತೆ ಎದ್ದ. ಬಚ್ಚಲಮನೆಗೆ ಹೋಗುವ ದಾರಿಯಲ್ಲೊಂದು ಚರಂಡಿ. ಅದರ ಮೇಲೆ ಹಲಸಿನ ಹಲಗೆಯ ಸೇತುವೆ ಕಟ್ಟಿದರು, ಎರಡೂ ಕಡೆ ಹಿಡಿಕೆ, ಜಾರದಂತೆ ಗೋಣಿ. ಇಷ್ಟಕ್ಕೇ ನಿಂತಿದ್ದರೆ ಸುಖವಿತ್ತು. ಸೇನೆಯ ಸೇತುವೆಗಳ ಮುಂದೆ, ಎಷ್ಟು ಭಾರ ತಡೆಯುತ್ತದೆಂದು ಹಳದಿ ಬಣ್ಣದ ದುಂಡು ಫಲಕದಲ್ಲಿ ಅಂಕಿ ಬರೆದಿರುತ್ತಾರೆ. ತಾತನೂ ಒಂದು ಬಾಣಲೆ ಮುಚ್ಚಳಕ್ಕೆ ಹಳದಿ ಬಳಿದು ‘1’ ಎಂದು ಬರೆದು ನೆಟ್ಟರು. ಒಂದು ಟನ್ ಎಂದು ಮೊಮ್ಮಗನೊಬ್ಬ ಅರ್ಥ ಹೇಳಿಬಿಟ್ಟ. ‘ನನ್ನ ತೂಕ ಊರಿಗೆಲ್ಲ ಸಾರ್ತೀರಾ?’ ಎಂದ ಅಜ್ಜಿ ಮೂರು ದಿನ ಚರಂಡಿ ದಾಟಿಯೇ ಬಚ್ಚಲಿಗೆ ಹೋದರು. ಮುಚ್ಚಳ ಬಾಣಲೆಗೆ ಮರಳಿದ ಮೇಲೆಯೇ ಸೇತುವೆ ಸಂಚಾರಕ್ಕೆ ಮುಕ್ತವಾದದ್ದು.

ಪ್ರತಿ ನವೆಂಬರಿನಲ್ಲಿ ತಾತ ಪಿಂಚಣಿಗಾಗಿ ಬದುಕಿರುವ ಪ್ರಮಾಣಪತ್ರ ಕೊಡಲು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬ್ಯಾಂಕಿಗೆ ಹೋಗುತ್ತಿದ್ದರು. ಕೌಂಟರಿನ ಮುಂದೆ ಹಿಮ್ಮಡಿ ಕೂಡಿಸಿ ನಿಂತು, ‘ಜಿಂದಾ ಹೂಂ ಸಾಬ್’ ಎನ್ನುವುದು ರೂಢಿ. ಅವರು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಅಜ್ಜಿಯನ್ನು ನಾನೇ ಕರೆದುಕೊಂಡು ಹೋದೆ. ಬದುಕಿದ್ದೇನೆ ಎಂಬ ಕಾಗದಕ್ಕೆ ಅಜ್ಜಿ ಹೆಬ್ಬೆಟ್ಟು ಒತ್ತಿದರು. ಇನ್ನೊಂದು ಕಾಗದ ಬಂತು. ಮರುಮದುವೆಯಾಗಿಲ್ಲ ಎಂದು ಘೋಷಿಸಬೇಕಂತೆ. ಗುಮಾಸ್ತ ಪಾಪ, ತಲೆಯೆತ್ತದೆ ಓದಿದ.

ಅಜ್ಜಿ ಹೆಬ್ಬೆಟ್ಟನ್ನು ಮಸಿಯಲ್ಲಿ ಚೆನ್ನಾಗಿ ಅದ್ದಿ ಹೇಳಿದರು: ‘ಒಬ್ಬರನ್ನ ಮಿಲಿಟರಿಯಿಂದ ಬಿಡಿಸಿ ಮನುಷ್ಯರನ್ನಾಗಿ ಮಾಡೋ ಹೊತ್ಗೆ ನನ್ನ ಮಂಡಿ ಸವೆದೋಯ್ತು ಕಣಪ್ಪ. ಇನ್ನೊಬ್ಬರು ಯಾರಿಗ್ ಬೇಕು? ಹಂಗೇ ಬರ್ಕೋ.’